ಹನ್ನೊಂದನೇ ಹುರುಪೆ

ಕಂತು ಒಂಬತ್ತು

"ಇದು ಹನ್ನೊಂದಲ್ಲ," ಎಂದಳು ಸೊಸೆ.

ಹಾವಿನ ತಲೆ, ಕುತ್ತಿಗೆ, ಅರ್ಧ ಮೈ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಳಗಿದ್ದವು. ಉಳಿದರ್ಧ ಅವಳ ಕೈಯಲ್ಲಿತ್ತು. ಮಣಿಕಟ್ಟಿನ ಸುತ್ತ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. ಬೇಡಿ ಬಿಚ್ಚಿ ಐದು ನಿಮಿಷವಾಗಿತ್ತಷ್ಟೆ.

"ಸರಿಯಾಗಿ ನೋಡಿ ಹೇಳು," ಎಂದಳು ಇನ್‌ಸ್ಪೆಕ್ಟರ್. "ನಾಳೆ ಬೆಳಿಗ್ಗೆ ನಿನ್ನನ್ನ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು. ಅಲ್ಲಿ ಈ ಮಾತು ನಿಲ್ಲಬೇಕು."

"ನಿಲ್ಲತ್ತೋ ಬೀಳತ್ತೋ, ಹಾವಂತೂ ಇದಲ್ಲ."

ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದ ದಫೇದಾರ ಇನ್ನೊಂದು ಹೆಜ್ಜೆ ಹಿಂದೆ ಸರಿಯಲು ನೋಡಿದ. ಹಿಂದೆ ಬಾಗಿಲೇ ಇತ್ತು. "ಇಪ್ಪತ್ತೊಂಬತ್ತು ವರ್ಷದ ಸರ್ವೀಸಲ್ಲಿ ಗುರುತು ಹಿಡಿಸೋ ಪರೇಡು ಎಷ್ಟು ಮಾಡ್ಸಿದೀನಿ ಮೇಡಂ. ಆರೋಪಿ ಬಂದು ಹಾವಿನ ಗುರುತು ಹೇಳಿದ್ದು ಇದೇ ಮೊದಲು."

ಯಾರೂ ನಗಲಿಲ್ಲ. ಅವನೂ ನಗಿಸಲೆಂದು ಹೇಳಿರಲಿಲ್ಲ. ಹೆದರಿಕೆಯಾದಾಗ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ, ಅಷ್ಟೆ.

ಒಂಬತ್ತು ದಿನಗಳ ಹಿಂದೆ ಇದೇ ಕೋಣೆಯ ಬೆಂಚಿನ ಮೇಲೆ, ಹಾವಿನ ಮನೆಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡವನು ವಿಷವೇರಿ ಬಿದ್ದಿದ್ದ. ಸಂಜೆಗೆ ಸತ್ತ. ಆ ಬೆಳಿಗ್ಗೆ ಬಾಗಿಲು ತೆರೆದದ್ದು ಈ ಸೊಸೆಯ, ಅಂದರೆ ಅವನ ಅಕ್ಕನ ಮಗಳ, ಕಾರ್ಡಿನಿಂದ ಎಂದು ಬೀಗದ ಯಂತ್ರ ಹೇಳಿತು. ಇನ್‌ಸ್ಪೆಕ್ಟರ್ ಯಂತ್ರದ ಮಾತು ನಂಬಿ ಅವಳನ್ನು ಬಂಧಿಸಿದಳು.

ಅವನನ್ನು ಮಾವ ಎಂದು ಕರೆಯುವ ಹಕ್ಕು ಆ ಹುಡುಗಿಯೊಬ್ಬಳಿಗೇ ಇದ್ದದ್ದು. ಆದರೆ ಅವಳು ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಗುಡಿಸುವವರಿಂದ ಹಿಡಿದು ನಿರ್ದೇಶಕನವರೆಗೆ ಎಲ್ಲರಿಗೂ ಅವನು ಮಾವನಾಗಿಬಿಟ್ಟಿದ್ದ. ಈಗ ಈ ಇಡೀ ಹಾವು ಸಂಶೋಧನಾ ಸಂಸ್ಥೆಗೆ ಮಾವನಿಲ್ಲ.

ಕೋಣೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಇಪ್ಪತ್ತು ಪೆಟ್ಟಿಗೆಗಳು. ಪ್ರತಿಯೊಂದಕ್ಕೂ ಒಂದು ನಂಬರು, ಒಂದು ನೀರಿನ ಬಟ್ಟಲು, ಒಂದು ಬೆಚ್ಚನೆಯ ದೀಪ. ಒಳಗೆ ಮಂಡಲ ಜಾತಿಯ ಹಾವುಗಳು, ಒದ್ದೆ ಹಗ್ಗದ ಸುರುಳಿಗಳಂತೆ. ಹನ್ನೊಂದನೇ ಪೆಟ್ಟಿಗೆಯ ಮುಚ್ಚಳ ಆ ದಿನ ಅರ್ಧ ಸರಿದಿತ್ತು. ಹಾವು ಮಾತ್ರ ಒಳಗೇ ಸುತ್ತಿಕೊಂಡು ಮಲಗಿತ್ತು. ಹಾವೆತ್ತುವ ಉದ್ದನೆಯ ಕೊಕ್ಕೆಕೋಲು ಬಾಗಿಲ ಬಳಿ ನೆಲದ ಮೇಲೆ ಬಿದ್ದಿತ್ತು. ಕಚ್ಚಿ ವಾಪಸು ಹೋಗಿ ಮಲಗಿದೆ ಎಂದು ಎಲ್ಲರೂ ಅಂದುಕೊಂಡರು. ಇನ್‌ಸ್ಪೆಕ್ಟರ್ ಕೂಡ.

ನಿನ್ನೆ ಮಾವನ ಹೆಂಡತಿ ಠಾಣೆಗೆ ಬಂದಳು. ದಿನಾ ಬರುತ್ತಿದ್ದಳು, ಬಂದು ಹೊರಗಿನ ಬೆಂಚಿನ ಮೇಲೆ ಕೂತು, ಸಂಜೆ ಎದ್ದು ಹೋಗುತ್ತಿದ್ದಳು. ನಿನ್ನೆ ಮಾತ್ರ ನೇರ ಒಳಗೆ ಬಂದು ಮೇಜಿನ ಮೇಲೆ ಗಂಡನ ಊಟದ ಡಬ್ಬಿ ಇಟ್ಟಳು.

"ಇದನ್ನ ತೊಳೆಯೋಕೆ ಇವತ್ತು ಕೈ ಬಂತು. ಒಳಗೆ ಇದು ಸಿಕ್ತು. ನೀನೇ ಇಟ್ಕೋ," ಎಂದಳು. "ನಾಲ್ಕು ವರ್ಷದವಳಿದ್ದಾಗಿಂದ ಸಾಕಿದೀನಿ. ನನ್ನ ಮಗೀನ ನನಗೆ ಕೊಡು."

ಡಬ್ಬಿಯೊಳಗೆ, ಪತ್ರಿಕೆಯ ಹಾಳೆಯಲ್ಲಿ ಮಡಿಸಿಟ್ಟ ಹಾವಿನ ಪೊರೆ ಇತ್ತು.

ಸೊಸೆ ಈಗ ಹಾವನ್ನು ಪೆಟ್ಟಿಗೆಗೆ ಬಿಟ್ಟು, ಮುಚ್ಚಳ ಹಾಕಿ, ಎರಡು ಸಲ ಒತ್ತಿ ನೋಡಿ, ಆ ಪೊರೆಯನ್ನು ಮೇಜಿನ ಮೇಲೆ ಹಾಸಿದಳು. ಅದರ ಪಕ್ಕಕ್ಕೆ ಮಾವನ ಕಡತದಿಂದ ತೆಗೆದ ಇನ್ನೊಂದು ಪೊರೆ. ಹಳೆಯದು. ಅದರ ಮೇಲೆ ಕಳೆದ ವರ್ಷದ ತಾರೀಖು.

"ಹೊಟ್ಟೆ ಕಡೆ ಅಗಲದ ಹುರುಪೆಗಳಿವೆ ನೋಡಿ, ಏಣಿ ಮೆಟ್ಟಿಲ ಥರ. ಇಲ್ಲಿ, ಬಾಲ ಶುರುವಾಗೋ ಕಡೆ, ಮುಚ್ಚಳದಂಥ ಒಂದು ಹುರುಪೆ. ಅದು ಗಡಿ. ಹಾವಿಗೆ ನಂಬರು ಕೊಡೋವಾಗ ಆ ಗಡಿಯಿಂದ ಎಣಿಸಿ ಒಂದು ಹುರುಪೆಯ ಅಂಚು ಕತ್ತರಿಸ್ತೀವಿ. ಉಗುರು ಕತ್ತರಿಸಿದ ಹಾಗೆ. ಪೊರೆ ಬಿಟ್ರೂ ಗುರುತು ಹೋಗಲ್ಲ, ಪೊರೆ ಮೇಲೂ ಮೂಡತ್ತೆ. ಹನ್ನೊಂದನೇ ಹಾವಿಗೆ ಹನ್ನೊಂದನೇ ಹುರುಪೆ."

"ಎರಡರಲ್ಲೂ ಕತ್ತರಿಸಿದ ಗುರುತಿದೆಯಲ್ಲ?"

"ಇದೆ. ಎಣಿಸಿ."

ಇನ್‌ಸ್ಪೆಕ್ಟರ್ ಪೆನ್ನಿನ ತುದಿಯಿಂದ ಎಣಿಸಿದಳು. ಹಳೆಯ ಪೊರೆಯಲ್ಲಿ ಹನ್ನೊಂದು ಬಂದದ್ದು ಗಡಿಯಿಂದ ತಲೆಯ ಕಡೆಗೆ. ಹೊಸ ಪೊರೆಯಲ್ಲಿ ಆ ಜಾಗ ನುಣುಪಾಗಿತ್ತು. ಕತ್ತರಿಸಿದ ಅಂಚು ಗಡಿಯ ಆಚೆ, ಬಾಲದ ಕಡೆ ಹನ್ನೊಂದರಲ್ಲಿತ್ತು.

"ಮಾವ ಬಾಲದ ಕಡೆ ಎಣಿಸ್ತಾನೇ ಇರ್ಲಿಲ್ಲ," ಎಂದಳು ಸೊಸೆ. "ಬಾಲ ತುಂಡಾಗಿರೋ ಹಾವುಗಳೂ ಬರ್ತವೆ, ಅವಕ್ಕೆ ಏನಂತ ಎಣಿಸ್ತೀಯ ಅಂತಿದ್ದ. ಅವನ ದಾಖಲೆ ಪುಸ್ತಕದಲ್ಲಿ ಬರ್ದಿರೋದು ಇಷ್ಟೇ. ಗಡಿಯಿಂದ ಹನ್ನೊಂದು, ಬಲಕ್ಕೆ. ಯಾವ ದಿಕ್ಕಿಗೆ ಅಂತ ಇಲ್ಲ. ಗೊತ್ತಿರೋರಿಗೆ ಬರೀಬೇಕಾಗಿರ್ಲಿಲ್ಲ."

"ಗೊತ್ತಿರೋರು ಎಷ್ಟು ಜನ?"

"ಮಾವ. ಆಮೇಲೆ ನಾನು."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದಳು.

"ಅಂದ್ರೆ ಯಾರೋ ಪುಸ್ತಕ ನೋಡಿ, ಬೇರೆ ಹಾವಿಗೆ ಹನ್ನೊಂದರ ಗುರುತು ಹಾಕಿದಾರೆ. ನೀನಲ್ಲ."

"ನಾನಾಗಿದ್ರೆ ಸರಿಯಾಗಿ ಹಾಕ್ತಿದ್ದೆ."

ಒಂಬತ್ತು ದಿನದಲ್ಲಿ ಆ ದನಿಯಲ್ಲಿ ಮೊದಲ ಬಾರಿ ಸ್ವಲ್ಪ ಗರ್ವ ಕೇಳಿಸಿತು. ಇನ್‌ಸ್ಪೆಕ್ಟರಿಗೆ ಒಂದು ಹಳೆಯ ರುಚಿ ನೆನಪಾಯಿತು. ತಪ್ಪು ಮನುಷ್ಯರನ್ನು ಹಿಡಿದ ರುಚಿ ಅದು. ಹಿಂದೊಮ್ಮೆ ಅದನ್ನು ಉಂಡಿದ್ದಳು. ಆಗ ಹಿಡಿದವನು ಬಿಡುಗಡೆಯ ಆದೇಶ ಬರುವವರೆಗೆ ಬದುಕಿರಲಿಲ್ಲ.

ಮಾವನ ಪುಸ್ತಕದ ಕೊನೆಯ ಬರಹವನ್ನು ಅವಳು ಮತ್ತೆ ಓದಿದಳು. ಸಾಯುವುದಕ್ಕೆ ಎರಡು ದಿನ ಮುಂಚಿನದು. ಅಕ್ಷರಗಳು ದೊಡ್ಡವು, ಕಣ್ಣು ಮಂದವಾದವರ ಕೈಬರಹ.

"ಕಣ್ಣಿನ ಆಪರೇಷನ್ ಮುಗಿಸಿ ಬಂದಾಗಿನಿಂದ ಹನ್ನೊಂದನ್ನು ನೋಡಿದಾಗಲೆಲ್ಲ ಇವಳು ಅವಳಲ್ಲ ಅನ್ನಿಸುತ್ತಿತ್ತು. ಕಣ್ಣಿನ ತಪ್ಪು ಅಂದುಕೊಂಡೆ. ಈಗ ಪೊರೆ ಸಿಕ್ಕಿತು. ಕಣ್ಣಿನ ತಪ್ಪಲ್ಲ. ಹಳೇ ಪೊರೆ, ಹೊಸ ಪೊರೆ ಎರಡನ್ನೂ ಹೊರಗೆ ಕೊಟ್ಟು ಪೂರ್ತಿ ಓದಿಸುತ್ತೇನೆ. ಮೇಷ್ಟ್ರಿಗೂ ಹೇಳಿದೆ."

"ಓದಿಸೋದು ಅಂದ್ರೆ?" ದಫೇದಾರ ಕೇಳಿದ. "ಪೊರೆ ಮೇಲೆ ಏನು ಬರ್ದಿರತ್ತೆ, ವಿಳಾಸಾನಾ?"

"ಎಲ್ಲಾ ಬರ್ದಿರತ್ತೆ ಅಣ್ಣ," ಎಂದಳು ಸೊಸೆ. "ಹಲ್ಲು ಎಷ್ಟುದ್ದ ಬೆಳೀಬೇಕು, ವಿಷದಲ್ಲಿ ಏನೇನಿರ್ಬೇಕು, ಎಲ್ಲಾ. ಅದೇ ಜೀನೋಮ್. ನಾಲ್ಕೇ ಅಕ್ಷರ, ಆದ್ರೆ ನೂರೈವತ್ತು ಕೋಟಿ ಸಲ. ನನ್ನ ಯಂತ್ರ ಅದನ್ನ ಚೂರು ಚೂರಾಗಿ ಓದತ್ತೆ. ಚೂರುಗಳನ್ನ ಕೂಡಿಸಿ ಸಾಲಾಗಿ ಜೋಡಿಸೋದು ಮೇಷ್ಟ್ರ ಕೆಲಸ. ನಾವು ಇಡೀ ಜಾತಿಗೆ ಅಂತ ಓದಿದ್ದು ಒಂದೇ ಹಾವನ್ನ. ಹನ್ನೊಂದನ್ನ. ಅವಳು ಹೆಣ್ಣು, ಹಾವುಗಳಲ್ಲಿ ಗಂಡು ಹೆಣ್ಣು ಮಾಡೋ ಎರಡು ಥರದ ಕ್ರೋಮೋಸೋಮೂ ಇರೋದು ಹೆಣ್ಣಿನಲ್ಲೇ. ಅದಕ್ಕೇ ಅವಳು."

"ಮತ್ತೆ ಮಾವನ ಗಾಯ?" ಎಂದಳು ಇನ್‌ಸ್ಪೆಕ್ಟರ್.

ಸೊಸೆಯ ಕೈ ಪೊರೆಯ ಮೇಲೆ ನಿಂತಿತು.

"ಗಾಯ ಒರೆಸಿದ ಹತ್ತೀನ ನಾನೇ ಯಂತ್ರಕ್ಕೆ ಹಾಕಿದ್ದು. ಅದೇ ಸಂಜೆ. ಆಸ್ಪತ್ರೆಯಿಂದ ನೇರ ಬಂದು. ಏನಾದ್ರೂ ಮಾಡ್ತಿರ್ಬೇಕಿತ್ತು ನನಗೆ." ಪೊರೆಯ ಸುಕ್ಕನ್ನು ಬೆರಳಿನಿಂದ ಸವರಿದಳು. "ವಿಷದ ಜೊತೆ ಹಾವಿನ ಜೀವಕೋಶಾನೂ ಸ್ವಲ್ಪ ಬಂದಿರತ್ತೆ. ಒಂದು ಸಣ್ಣ ತುಂಡು ಸಿಕ್ತು. ಹನ್ನೊಂದರ ಜೀನೋಮ್ ಜೊತೆ ಅಕ್ಷರಕ್ಕೆ ಅಕ್ಷರ ಕೂಡ್ತು. ಪರದೆ ಮೇಲೆ ನನ್ನ ಕಣ್ಣಾರೆ ನೋಡಿದೆ."

"ಕಚ್ಚಿದ್ದು ಹನ್ನೊಂದು. ಪೆಟ್ಟಿಗೆಯಲ್ಲಿರೋದು ಹನ್ನೊಂದಲ್ಲ."

"ಹೂಂ. ಹಾಗಾದ್ರೆ ಹನ್ನೊಂದು ಇನ್ನೆಲ್ಲೋ ಇದೆ ಮೇಡಂ."

ದಫೇದಾರ ಮೆಲ್ಲಗೆ ಒಂದು ಕಾಲೆತ್ತಿ ಕೆಳಗೆ ನೋಡಿದ. ಆಮೇಲೆ ಇನ್ನೊಂದು.

"ಮಾವ ಕೊನೆಗೆ ಏನಂದ್ರು?" ಇನ್‌ಸ್ಪೆಕ್ಟರ್ ಈ ಪ್ರಶ್ನೆಯನ್ನು ಹಿಂದೆಯೂ ಕೇಳಿದ್ದಳು. ಉತ್ತರ ಈಗ ಬೇರೆಯಾಗಿ ಕೇಳಿಸಬಹುದು.

"ಒಂಬತ್ತಕ್ಕೆ ಟೀ ಕುಡಿದು, ದೀಪದ ಬೆಳಕಿಗೆ ಅಡ್ಡ ಮುಖದ ಮೇಲೆ ಟವೆಲ್ ಹಾಕ್ಕೊಂಡು ಅರ್ಧ ಗಂಟೆ ಮಲಗೋದು ಅವನ ಅಭ್ಯಾಸ. ಎಲ್ರಿಗೂ ಗೊತ್ತು. ಆವತ್ತು ಎಬ್ಬಿಸಿದ್ರೂ ಕಣ್ಣು ಬಿಡೋಕಾಗ್ತಿರ್ಲಿಲ್ಲ. ಆಸ್ಪತ್ರೆ ದಾರಿಯಲ್ಲಿ ಒಂದೇ ಮಾತು. ಹಾವು ಕಾಣಲಿಲ್ಲ ಕಣೆ, ಅಂದ."

* * *

ಮೇಷ್ಟ್ರ ಕೋಣೆ ಕಾರಿಡಾರಿನ ಆ ತುದಿಗಿತ್ತು. ಹಾವಿನ ಮನೆಯಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ. ಬಾಗಿಲಿನ ಕೆಳಗಿನ ಸಂದಿಗೆ ಒದ್ದೆ ಬಟ್ಟೆಯ ಸುರುಳಿ ಒತ್ತಿಟ್ಟಿತ್ತು. ಮೇಷ್ಟ್ರು ಮೊಣಕಾಲಿನವರೆಗೆ ಬರುವ ದಪ್ಪ ಬೂಟು ಹಾಕಿದ್ದರು. ಹನ್ನೆರಡು ವರ್ಷದಿಂದ ಹಾವಿನ ಲೆಕ್ಕ ಮಾಡುತ್ತಿದ್ದವರು ಒಂದು ದಿನವೂ ಹಾವು ಮುಟ್ಟಿರಲಿಲ್ಲವಂತೆ. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಹೆಸರು ಹಾಗೇ ಅಂಟಿಕೊಂಡಿತ್ತು.

"ಈ ಕಟ್ಟಡದಲ್ಲಿ ನೀವೊಬ್ರೇ ಮನುಷ್ಯರು ಮೇಷ್ಟ್ರೆ," ಎಂದ ದಫೇದಾರ, ಬಟ್ಟೆಯ ಸುರುಳಿ ನೋಡಿ.

ಮೇಷ್ಟ್ರು ನಕ್ಕರು. ಸೊಸೆಗೆ ಕುರ್ಚಿ ಎಳೆದುಕೊಟ್ಟರು. "ಊಟ ಆಯ್ತೇನಮ್ಮ? ಅರ್ಧಕ್ಕರ್ಧ ಇಳಿದು ಹೋಗಿದೀಯಲ್ಲೇ. ಟೀ ಮಾಡ್ತೀನಿ ಇರು."

ಪರದೆಯ ಮೇಲೆ ಹನ್ನೊಂದರ ಜೀನೋಮ್ ಹತ್ತೊಂಬತ್ತು ಬಣ್ಣದ ಪಟ್ಟಿಗಳಾಗಿ ಮಲಗಿತ್ತು. ತುದಿಯಿಂದ ತುದಿಗೆ ಎಲ್ಲೂ ಬಿರುಕಿಲ್ಲ. ಶುಕ್ರವಾರ ಅದನ್ನು ಲೋಕಕ್ಕೆ ತೋರಿಸುವುದಿತ್ತು.

"ಮೇಷ್ಟ್ರೆ, ಈ ಎರಡು ಪೊರೆ ಓದ್ಬೇಕು," ಎಂದಳು ಸೊಸೆ. "ಹಳೇದು, ಹೊಸದು. ಮೊದಲಿಂದ ಕೊನೆವರೆಗೆ. ಜೀನೋಮ್ ಪಕ್ಕದಲ್ಲಿಟ್ಟು ಪೂರ್ತಿ ಹೋಲಿಸೋಣ."

"ಪೂರ್ತಿ ಯಾಕಮ್ಮ? ಒಂದು ತುಂಡು ಸಾಕು. ಗಾಯದ್ದು ಅಷ್ಟರಲ್ಲೇ ಗೊತ್ತಾಯ್ತಲ್ಲ."

"ಕೋರ್ಟಲ್ಲಿ ನಿಲ್ಲಬೇಕಂತೆ. ಮಾವಾನೂ ಪೂರ್ತಿ ಅಂತಾನೇ ಬರ್ದಿದಾನೆ. ಇವತ್ತು ಶುರು ಮಾಡಿದ್ರೆ ನಾನು ಹೇಳಿಕೊಟ್ಟ ಹಾಗೆ ಬೇರೆ ಯಾರಾದ್ರೂ ಮುಗಿಸಬಹುದು."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. "ಆಗಲಿ," ಎಂದರು. "ನಿನಗೆ ಸಮಾಧಾನ ಆಗೋದಾದ್ರೆ ಆಗಲಿ."

ಇನ್‌ಸ್ಪೆಕ್ಟರ್ ಬೇಡಿ ತೆಗೆದು ಒಂದು ತುದಿಯನ್ನು ಸೊಸೆಯ ಬಲಗೈಗೆ, ಇನ್ನೊಂದನ್ನು ಮೇಜಿನ ಕಬ್ಬಿಣದ ಕಾಲಿಗೆ ಹಾಕಿದಳು.

"ಬೇಕಾ ಮೇಡಂ?" ದಫೇದಾರ ಮೆಲ್ಲಗೆ ಕೇಳಿದ. "ಆ ಮಗು ಎಲ್ಲಿಗೆ ಓಡತ್ತೆ?"

"ಕಾಗದದ ಮೇಲೆ ಇನ್ನೂ ಆರೋಪಿ ಕಣಪ್ಪ. ನೀನು ಇಲ್ಲೇ ಇರು."

ಓದಲು ಹೊಸ ಪೊರೆಯ ಒಂದು ಚೂರು ಕತ್ತರಿಸಿಟ್ಟು, ಉಳಿದದ್ದನ್ನೂ ಕೀಲಿಯನ್ನೂ ಜೇಬಿಗೆ ಹಾಕಿಕೊಂಡು ಅವಳು ಹೊರಟಳು.

* * *

ನಿರ್ದೇಶಕನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದೇ ಚಿತ್ರ ಇತ್ತು. ಹೆಂಡತಿಯದಲ್ಲ, ಮಕ್ಕಳದಲ್ಲ. ಹನ್ನೊಂದರದು. ತಲೆಯೆತ್ತಿ, ನೇರ ನೋಡುತ್ತಿರುವ ಹಾವು.

"ಐದು ನಿಮಿಷ ಕೊಡ್ತೀನಿ," ಎಂದ ಅವನು. ಇಸ್ತ್ರಿಯಿಂದ ಆಗ ತಾನೇ ಎದ್ದು ಬಂದಂಥ ಮನುಷ್ಯ.

"ಎರಡು ಸಾಕು." ಇನ್‌ಸ್ಪೆಕ್ಟರ್ ಜೇಬಿನಿಂದ ಒಂದು ಪೊರೆ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಅದು ಬೇರಾವುದೋ ಹಾವಿನದು. ಬರುವಾಗ ಮಾವನ ಕಡತದಿಂದ ಎತ್ತಿಕೊಂಡಿದ್ದಳು. "ನಂಗೆ ಈ ಎಣಿಕೆ ತಲೆಗೆ ಹತ್ತುತಾ ಇಲ್ಲ ಸರ್. ಗಡಿಯಿಂದ ಹನ್ನೊಂದನೇ ಹುರುಪೆ ಅಂದ್ರೆ ಯಾವುದು? ತೋರಿಸಿಕೊಡಿ."

"ಇದಕ್ಕಾ ಬಂದಿದ್ದು?" ಅವನು ಪೆನ್ಸಿಲ್ ಎತ್ತಿಕೊಂಡು ಗಡಿಯ ಮೇಲಿಟ್ಟ. ಒಂದು, ಎರಡು, ಮೂರು. ಪೆನ್ಸಿಲ್ಲಿನ ಮೊನೆ ಬಾಲದ ತುದಿಯ ಕಡೆ ಇಳಿಯುತ್ತ ಹೋಯಿತು. "ಹನ್ನೊಂದು. ಇಲ್ಲಿ."

ಇನ್‌ಸ್ಪೆಕ್ಟರ್ ಡಬ್ಬಿಯಲ್ಲಿ ಸಿಕ್ಕ ಪೊರೆಯನ್ನು ಅದರ ಪಕ್ಕದಲ್ಲಿ ಹಾಸಿದಳು. ಕತ್ತರಿಸಿದ ಅಂಚು ಪೆನ್ಸಿಲ್ಲಿನ ಮೊನೆಗೆ ಸರಿಸಮವಾಗಿ ನಿಂತಿತು.

"ಮಾವ ಆ ಕಡೆ ಎಣಿಸ್ತಿರ್ಲಿಲ್ಲ ಸರ್. ಈ ಮನೆಯಲ್ಲಿ ಆ ಕಡೆ ಎಣಿಸೋದು ನೀವೊಬ್ರೇ."

ನಿರ್ದೇಶಕ ಪೆನ್ಸಿಲ್ಲನ್ನು ಮೇಜಿನ ಅಂಚಿಗೆ ನೇರವಾಗಿ ಜೋಡಿಸಿಟ್ಟ. ಸ್ವಲ್ಪ ಸೊಟ್ಟವಾಗಿತ್ತು, ಮತ್ತೆ ಸರಿ ಮಾಡಿದ.

"ನಾನು ಅವನನ್ನ ಕೊಂದಿಲ್ಲ."

"ಹನ್ನೊಂದು ಎಲ್ಲಿದೆ?"

"ಕೊಂದಿಲ್ಲ ಅಂತ ಹೇಳಿದೆ."

"ಕೇಳಿಸ್ತು. ಒಂದು ವಿಷದ ಹಾವು ಎಲ್ಲೋ ತಿರುಗ್ತಿದೆ. ಮೊದಲು ಅದನ್ನ ಹೇಳಿ."

"ಎಲ್ಲೂ ತಿರುಗ್ತಿಲ್ಲ." ಅವನು ಗೋಡೆಯ ಚಿತ್ರದ ಕಡೆ ನೋಡಲಿಲ್ಲ, ನೋಡದಿರುವುದಕ್ಕೆ ಕಷ್ಟಪಡುತ್ತಿದ್ದ. "ಸತ್ತು ಮೂರು ತಿಂಗಳಾಯ್ತು."

"ಏನು?"

"ನಾನೇ ಸಾಯಿಸಿದೆ ಅನ್ನಿ. ಎರಡು ಕಡೆ ಜೀನೋಮಿನ ಚೂರು ಕೂಡ್ತಿರ್ಲಿಲ್ಲ. ಮೇಷ್ಟ್ರು ಇನ್ನೊಂದು ಸಲ ರಕ್ತ ಬೇಕು, ಇನ್ನೊಂದು ಸಲ ಬೇಕು ಅಂತಿದ್ರು. ಮಾವ ಇದ್ದಿದ್ರೆ ಬಿಡ್ತಿರ್ಲಿಲ್ಲ. ಅವನು ಕಣ್ಣಿನ ಆಪರೇಷನ್‌ಗೆ ರಜೆ ಹಾಕಿದ್ದ. ನಾನೇ ತೆಗೆದೆ. ಒಂದೇ ತಿಂಗಳಲ್ಲಿ ಮೂರು ಸಲ. ಮೂರನೇ ಸಲ ಎದ್ದೇಳ್ಲಿಲ್ಲ ಅವಳು."

"ಮುಚ್ಚಿಟ್ಟಿರಿ."

"ಅಪರೂಪದ ಜಾತಿ. ನಮ್ಮ ಕೈಯಲ್ಲಿ ಒಂದು ಸತ್ತರೂ ಪರವಾನಗಿ ಹೋಗತ್ತೆ. ಆರು ವರ್ಷದ ಕೆಲಸ ಅದು. ಹೊಸದಾಗಿ ಬಂದಿದ್ದ ಒಂದು ಹಾವನ್ನ ಪೆಟ್ಟಿಗೆಗೆ ಹಾಕಿದೆ. ಪುಸ್ತಕ ನೋಡಿ ಗುರುತು ಮಾಡಿದೆ." ಈಗ ಅವನು ಚಿತ್ರದ ಕಡೆ ನೋಡಿದ. "ಪ್ರತಿ ಸಲ ಮಾವ ಆ ಪೆಟ್ಟಿಗೆ ಮುಂದೆ ನಿಂತು ಕಣ್ಣುಜ್ಜಿಕೊಳ್ಳೋದನ್ನ ನೋಡ್ತಿದ್ದೆ."

"ಮಾವ ನಿಮ್ಮನ್ನ ಕೇಳಿದ್ರಾ?"

"ಇಲ್ಲ. ದೇವರಾಣೆ ಇಲ್ಲ. ಕೇಳಿದ್ರೆ ಹೇಳಿಬಿಡ್ತಿದ್ದೆ ಅನ್ಸತ್ತೆ."

"ಹನ್ನೊಂದು ಸತ್ತಿದ್ದು ಇನ್ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ನಿಮಗೇ ಮೊದಲು."

"ತೋರಿಸಿ," ಎಂದಳು ಇನ್‌ಸ್ಪೆಕ್ಟರ್.

* * *

ಶೀತಲಪೆಟ್ಟಿಗೆ ನೆಲಮಾಳಿಗೆಯಲ್ಲಿತ್ತು. ಮುಚ್ಚಳ ಎತ್ತಿದೊಡನೆ ಬಿಳಿ ಆವಿ ಮೇಲೆದ್ದು ಇಬ್ಬರ ಮುಖಕ್ಕೂ ಬಡಿಯಿತು. ನಿರ್ದೇಶಕ ತಳದಿಂದ ಒಂದು ಪೊಟ್ಟಣ ತೆಗೆದ. ಮೇಲೆ ನಂಬರಿರಲಿಲ್ಲ.

ಇನ್‌ಸ್ಪೆಕ್ಟರ್ ದಪ್ಪ ಕೈಗವಸು ಹಾಕಿಕೊಂಡು ಬಿಚ್ಚಿದಳು. ಹಾವು ಸುರುಳಿಯಾಗಿಯೇ ಕಲ್ಲಾಗಿತ್ತು. ಹ್ಹಾ ಎಂದು ಊದಿ, ಹೊಟ್ಟೆಯ ಮೇಲಿನ ಮಂಜನ್ನು ಹೆಬ್ಬೆರಳಿನಿಂದ ಒರೆಸಿದಳು. ಗಡಿ ಸಿಕ್ಕಿತು. ತಲೆಯ ಕಡೆಗೆ ಎಣಿಸತೊಡಗಿದಳು. ಎಣಿಸುವಾಗ ತುಟಿ ಅಲುಗುತ್ತಿತ್ತು, ಒಂದನೇ ತರಗತಿಯ ಹುಡುಗಿಯಂತೆ.

ಹನ್ನೊಂದು. ಬಲಕ್ಕೆ ಕತ್ತರಿಸಿದ ಅಂಚು. ಎಷ್ಟೋ ವರ್ಷದ ಹಿಂದೆ ಮಾವನ ಕೈ ಮಾಡಿದ್ದು, ಗುಂಡಗೆ ಮಾಗಿತ್ತು.

ಇವಳೇ ಅವಳು. ಸತ್ತು ಮೂರು ತಿಂಗಳಾದವಳು ಒಂಬತ್ತು ದಿನದ ಹಿಂದೆ ಮಾವನನ್ನು ಕಚ್ಚಿದ್ದಳು.

ಇನ್‌ಸ್ಪೆಕ್ಟರ್ ಅಲ್ಲೇ ನಿಂತಳು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯ ಕೈ ತೊಳೆಯುತ್ತ ಹೇಳಿದ ಮಾತು ಈಗ ಹಿಂದಿರುಗಿ ಬಂತು. ಹಾವಿನ ಹಲ್ಲು ಕೊಕ್ಕೆ ಮೇಡಂ, ಗಾಯ ಓರೆಯಾಗಿರತ್ತೆ. ಇದು ಮೊಳೆ ಹೊಡೆದ ಹಾಗೆ ನೆಟ್ಟಗಿದೆ. ವಿಷ ಕೂಡ ನಾಲ್ಕು ಹಾವು ಒಟ್ಟಿಗೆ ಕಚ್ಚಿದಷ್ಟು. ಅದಕ್ಕೇ ಮದ್ದು ಹತ್ತಲಿಲ್ಲ.

"ಹನ್ನೊಂದರ ವಿಷ ತೆಗೆದು ಇಡ್ತಿದ್ರಾ?"

"ಇಡ್ತೀವಿ. ಎಲ್ಲಾ ಹಾವಿನದೂ. ಒಣಗಿಸಿ, ಶೀಶೆಯಲ್ಲಿ." ನಿರ್ದೇಶಕ ಮೇಲಿನ ತಟ್ಟೆ ಎಳೆದ. ಬೆರಳುಗಾತ್ರದ ಶೀಶೆಗಳು ನಂಬರಿನ ಪ್ರಕಾರ ಸಾಲಾಗಿದ್ದವು. "ಒಂದು ಸಲ ತೆಗೆದದ್ದು ಒಂದು ಶೀಶೆ. ಹನ್ನೊಂದರದು ಹದಿನಾಲ್ಕು."

ಸಾಲಿನಲ್ಲಿ ಎಂಟಿದ್ದವು. ಆರು ಗುಳಿಗಳು ಖಾಲಿ.

"ಇದರ ಕೀಲಿ?"

"ಕಾರಿಡಾರಿನ ಮೊಳೆ ಮೇಲೆ. ಯಾರು ಬೇಕಾದ್ರೂ..." ಅವನು ಖಾಲಿ ಗುಳಿಗಳನ್ನು ಇನ್ನೊಮ್ಮೆ ಎಣಿಸಿದ.

ಇನ್‌ಸ್ಪೆಕ್ಟರ್ ಗಟ್ಟಿಯಾಗಿಯೇ ಯೋಚಿಸಿದಳು. "ನೀವಾಗಿದ್ರೆ ಹನ್ನೊಂದರ ವಿಷ ಮುಟ್ಟುತಿರ್ಲಿಲ್ಲ. ಅವಳು ಸತ್ತಿರೋದು ನಿಮಗೆ ಗೊತ್ತು. ಗಾಯ ಓದಿದ್ರೆ ಸಿಕ್ಕಿಬೀಳ್ತೀರ. ಮಾಡಿದವರಿಗೆ ಅದು ಗೊತ್ತಿರ್ಲಿಲ್ಲ. ಪೆಟ್ಟಿಗೆಯಲ್ಲಿ ಹನ್ನೊಂದೇ ಇದೆ ಅಂದ್ಕೊಂಡು, ಹನ್ನೊಂದರ ವಿಷಾನೇ ಆರಿಸಿ ತಗೊಂಡ್ರು. ಹುಡುಗಿಯ ಕಾರ್ಡು ಕದ್ದು ಒಳಗೆ ಬಂದು, ಮಲಗಿದ್ದವರಿಗೆ ಸೂಜಿಯಲ್ಲಿ ಚುಚ್ಚಿದ್ರು. ಕೊಕ್ಕೆಕೋಲಲ್ಲಿ ದೂರದಿಂದ ಮುಚ್ಚಳ ಸರಿಸಿ, ಕೋಲು ಬಿಸಾಕಿ ಓಡಿದ್ರು."

"ಹಾವಿದ್ದ ಕೋಣೆಯಲ್ಲಿ ಸೂಜಿ ಯಾಕೆ? ಹಾವನ್ನೇ ಬಿಡಬಹುದಿತ್ತಲ್ಲ."

"ಅದೇ. ಹಾವು ಮುಟ್ಟೋಕೆ ಧೈರ್ಯ ಇರೋರು ಹಾವನ್ನೇ ಬಿಡ್ತಿದ್ರು."

ಮಾತು ಮುಗಿಯುವ ಮೊದಲೇ ಮೇಷ್ಟ್ರ ಕೋಣೆ ಅವಳ ಕಣ್ಣ ಮುಂದೆ ಬಂತು. ಬಾಗಿಲ ಕೆಳಗಿನ ಒದ್ದೆ ಬಟ್ಟೆ. ಮೊಣಕಾಲವರೆಗಿನ ಬೂಟು.

"ಸರ್, ಆ ಎರಡು ಕಡೆ ಕೂಡದ ಚೂರು. ಹಾವು ಸತ್ತ ಮೇಲೆ ಏನಾಯ್ತು?"

"ಹನ್ನೊಂದು ಸೊರಗಿದೆ, ಇನ್ನು ರಕ್ತ ಕೊಡಲ್ಲ ಅಂತ ಮೇಷ್ಟ್ರಿಗೆ ಹೇಳಿದೆ. ಒಂದು ತಿಂಗಳಾದ ಮೇಲೆ ಕೂಡ್ತು ಅಂದ್ರು. ಹೇಗೋ ಕೂಡಿಸಿದ್ರು."

"ಯಾವ ರಕ್ತದಿಂದ?"

"ಹೊಸ ರಕ್ತ ನಾನು ಕೊಟ್ಟೇ ಇಲ್ಲ," ಎಂದ ನಿರ್ದೇಶಕ.

ಹೊರಗೆ ಕೊಟ್ಟು ಪೂರ್ತಿ ಓದಿಸುತ್ತೇನೆ. ಮೇಷ್ಟ್ರಿಗೂ ಹೇಳಿದೆ. ಮಾವ ಹುಡುಕುತ್ತಿದ್ದದ್ದು ತನ್ನ ಹಾವನ್ನು. ಮೇಷ್ಟ್ರು ಕೇಳಿಸಿಕೊಂಡದ್ದು ಬೇರೆ. ಹನ್ನೊಂದರ ನಿಜವಾದ ಪೊರೆಯನ್ನು ಯಾರಾದರೂ ಮೊದಲಿಂದ ಕೊನೆಯವರೆಗೆ ಓದಿದರೆ, ಬಿರುಕಿಲ್ಲದ ಆ ಬಣ್ಣದ ಪಟ್ಟಿಗಳಲ್ಲಿ ಎರಡು ಕಡೆ ಇರುವುದು ಹಾವಿನ ಬರಹವಲ್ಲ, ತಾವೇ ಕಲ್ಪಿಸಿ ತುಂಬಿದ ಕೈಬರಹ ಎಂದು ಬಯಲಾಗುತ್ತದೆ.

ಅದೇ ಮಾತನ್ನು ಸೊಸೆ ಮುಕ್ಕಾಲು ಗಂಟೆಯ ಹಿಂದೆ ಅವರ ಮುಂದೆ ಕೂತು ಹೇಳಿದ್ದಳು.

ನಾಲ್ಕು ಶೀಶೆ ಮಾವನ ಮೈಗೆ ಹೋಗಿದ್ದವು. ಖಾಲಿ ಗುಳಿಗಳು ಆರು.

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ತಿರುವಿನಲ್ಲಿ ದಫೇದಾರ ಎದುರಾದ. ಕೈಯಲ್ಲಿ ನೀರಿನ ಜಗ್ಗು.

"ನೀನು ಇಲ್ಲೇನು ಮಾಡ್ತಿದೀಯ?"

"ಹುಡುಗಿಗೆ ತಲೆಸುತ್ತು ಬಂತು ಮೇಡಂ. ಮೇಷ್ಟ್ರು ಟೀ ಮಾಡಿ ಕೊಟ್ಟಿದ್ರು, ಕುಡಿದು ಸ್ವಲ್ಪ ಹೊತ್ತಿಗೆ ಹಾಗೇ ಮೇಜಿನ ಮೇಲೆ ತಲೆ ಇಟ್ಟುಬಿಡ್ತು. ನೀರು ತನ್ನಿ ಅಂದ್ರು. ನಾನು..."

ಜಗ್ಗು ನೆಲಕ್ಕೆ ಬಿದ್ದ ಸದ್ದು ಅವಳಿಗೆ ಬೆನ್ನ ಹಿಂದಿನಿಂದ ಕೇಳಿಸಿತು. ಆಗಲೇ ಅವಳು ಕಾರಿಡಾರಿನ ಅರ್ಧ ದಾಟಿದ್ದಳು.

ಬಾಗಿಲು ಒಳಗಿನಿಂದ ಹಾಕಿತ್ತು. ಅದರ ಮಧ್ಯೆ ಅಂಗೈ ಅಗಲದ ಗಾಜಿನ ಪಟ್ಟಿ. ಅವಳು ಹಣೆ ಒತ್ತಿ ನೋಡಿದಳು.

ಸೊಸೆಯ ಕೆನ್ನೆ ಮೇಜಿಗೆ ಒರಗಿತ್ತು. ಎಡಗೈಯ ಅಂಗಿತೋಳನ್ನು ಯಾರೋ ಮೊಣಕೈವರೆಗೆ ಅಚ್ಚುಕಟ್ಟಾಗಿ ಮಡಿಸಿದ್ದರು. ಬಲಗೈ ಮೇಜಿನ ಕಾಲಿಗೆ ನೇತುಬಿದ್ದಿತ್ತು. ಪಕ್ಕದಲ್ಲಿ ಬೆರಳುಗಾತ್ರದ ಎರಡು ಶೀಶೆಗಳು, ಮುಚ್ಚಳ ತೆಗೆದವು. ಅವುಗಳ ಕೆಳಗೆ ಟೈಪು ಮಾಡಿದ ಒಂದು ಹಾಳೆ.

ಮೇಷ್ಟ್ರು ತಿರುಗಿ ನೋಡಿದರು. ಗಾಬರಿಯಿರಲಿಲ್ಲ. ಕಷ್ಟದ ಲೆಕ್ಕ ಬಿಡಿಸಿ ಸೀಮೆಸುಣ್ಣ ಕೆಳಗಿಟ್ಟವರಂತಿದ್ದರು.

"ಅವಳು ಒಪ್ಕೊಂಡ್ಲು ಮೇಡಂ," ಎಂದರು ಗಾಜಿನ ಆಚೆಯಿಂದ. "ಈಗ ತಾನೇ. ಎಲ್ಲಾ ಬರೆದುಕೊಟ್ಟಿದಾಳೆ. ಆಮೇಲೆ ತನಗೆ ತಾನೇ... ನಾನು ತಡೆಯೋಕೆ ನೋಡ್ದೆ."

ದಫೇದಾರನ ಭುಜ ಬಾಗಿಲಿಗೆ ಅಪ್ಪಳಿಸಿತು. ಬಾಗಿಲು ಅಲುಗಲಿಲ್ಲ. ಕೆಳಗಿನ ಸಂದಿಯ ಒದ್ದೆ ಬಟ್ಟೆಯಿಂದ ಒಂದೆಳೆ ನೀರು ಈಚೆ ಹರಿದು ಇನ್‌ಸ್ಪೆಕ್ಟರಿನ ಬೂಟಿನ ಹತ್ತಿರ ನಿಂತಿತು.

ಮೇಷ್ಟ್ರ ಕೈಯಲ್ಲಿ ಸೂಜಿಯ ಸಿರಿಂಜು ಇತ್ತು. ಅದು ಇನ್ನೂ ತುಂಬಿದೆಯೋ, ಆಗಲೇ ಖಾಲಿಯಾಗಿದೆಯೋ, ಗಾಜಿನ ಈ ಕಡೆಯಿಂದ ಕಾಣುತ್ತಿರಲಿಲ್ಲ.

ಇನ್‌ಸ್ಪೆಕ್ಟರಿನ ಕೈ ತಾನಾಗಿ ಜೇಬಿಗೆ ಹೋಯಿತು. ಬೆರಳಿಗೆ ತಣ್ಣನೆಯ ಲೋಹ ತಗುಲಿತು. ಅವಳ ಹತ್ತಿರ ಇದ್ದದ್ದು ಒಂದೇ ಕೀಲಿ, ಬೇಡಿಯದು.